ಮೋಡದ ತಣ್ಣನೆಯ ಅಂಚು

ಭಾವನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕನನ್ನು ಮದುವೆಯಾದ ದಿನದಿಂದ ಅಲ್ಲ, ನನಗೆ ‘ಸ್ಕ್ರೂಡ್ರೈವರ್’ ಎಂದು ಹೆಸರಿಟ್ಟ ದಿನದಿಂದ. ಸಂಶೋಧನಾ ವಿಮಾನದ ಮೂತಿಗೆ ಥರ್ಮಾಮೀಟರ್ ಕಟ್ಟುವವಳು ನಾನು. ಅದು ಕೊಟ್ಟ ಅಂಕಿಗಳನ್ನು ಹಿಡಿದು ಹೆಸರು ಮಾಡಿದವರು ಅವರು.

ಹನ್ನೊಂದು ವರ್ಷದಿಂದ ಅವರದು ಒಂದೇ ವಾದ. ಕಡಲ ಮೇಲಿನ ಪುಟ್ಟ ಮೋಡಗಳಲ್ಲಿ, ಗಾಳಿ ಬೀಸಿ ಹೋಗುವ ಕಡೆಯ ಅಂಚಿನಲ್ಲಿ ಹನಿಗಳು ಆರುತ್ತವೆ. ಅಲ್ಲಿನ ಗಾಳಿ ತಣ್ಣಗಾಗಿ ಕೆಳಕ್ಕೆ ಜಾರುತ್ತದೆ. ಆ ರಭಸಕ್ಕೆ ದೊಡ್ಡ ಸುಳಿಗಳು ಏಳುತ್ತವೆ. ದೊಡ್ಡದು ತನ್ನ ಶಕ್ತಿಯನ್ನು ಚಿಕ್ಕದಕ್ಕೆ, ಚಿಕ್ಕದು ಇನ್ನೂ ಚಿಕ್ಕದಕ್ಕೆ ದಾಟಿಸಿ, ಕೊನೆಗೆ ಎಲ್ಲವೂ ಒಂದಿಷ್ಟು ಶಾಖವಾಗಿ ಕರಗಿಹೋಗುತ್ತದೆ. ಎಲ್ಲಕ್ಕೂ ಮೂಲ ಆ ತಣ್ಣನೆಯ ಅಂಚು.

ಆ ತಂಪು ಮೋಡದ್ದಲ್ಲ, ಒದ್ದೆಯಾದ ಥರ್ಮಾಮೀಟರಿನದು ಎಂಬುದು ನನ್ನ ಗುಮಾನಿ. ಮೋಡದೊಳಗೆ ನೆನೆದದ್ದು ಹೊರಬಂದು ಆರುವಾಗ, ಸ್ನಾನ ಮಾಡಿ ಗಾಳಿಗೆ ನಿಂತವರ ಹಾಗೆ ತಣ್ಣಗಾಗುತ್ತದೆ. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಪೈಲಟ್ ಯಾವಾಗಲೂ ಒಂದೇ ದಿಕ್ಕಿನಿಂದ ಮೋಡಕ್ಕೆ ನುಗ್ಗುತ್ತಿದ್ದ. ತಂಪು ಕಂಡದ್ದೂ ಯಾವಾಗಲೂ ಹೊರಬರುವ ಕಡೆಯೇ, ಭಾವ ಹೇಳುವ ಅಂಚೂ ಅದೇ. ಇದನ್ನು ಹೇಳಿದ್ದಕ್ಕೆ ಭಾವ ಅಕ್ಕನ ಎದುರೇ ನಕ್ಕು, ನಾನು ತಿರುಪು ಬಿಗಿಯುವುದಕ್ಕಷ್ಟೇ ಲಾಯಕ್ಕು ಎಂದರು.

ಮಾರನೆಯ ದಿನವೇ ಯೋಜನೆಗೆ ಹಣ ಕೊಡುವ ಸಮಿತಿಗೆ ಬರೆದುಕೊಟ್ಟೆ: ಮೋಡದಲ್ಲಿ ಈ ಥರ್ಮಾಮೀಟರನ್ನು ನಂಬುವಂತಿಲ್ಲ, ಕಟ್ಟಿದವಳೇ ಹೇಳುತ್ತಿದ್ದೇನೆ. ಬರೆಯುವಾಗ ಖುಷಿಯೇ ಆಯಿತು. ಸಮಿತಿ ನನ್ನ ಮಾತು ಒಪ್ಪಿ ಭಾವನ ಯೋಜನೆಯನ್ನು ಮುಚ್ಚಿತು. ಮೊದಲೇ ನಿಗದಿಯಾಗಿದ್ದ ಒಂದು ಹಾರಾಟ ಮಾತ್ರ ಉಳಿದಿತ್ತು.

ಆ ಹಾರಾಟದಲ್ಲಿ, ಭಾವನ ಗಾಯಕ್ಕೆ ಉಪ್ಪು ಸವರಲೆಂದೇ, ಅಂಥದೇ ಒಂದು ಮೋಡಕ್ಕೆ ಎದುರು ದಿಕ್ಕಿನಿಂದ ನುಗ್ಗುವಂತೆ ಪೈಲಟ್‌ಗೆ ಹೇಳಿದೆ. ನನ್ನ ಗುಮಾನಿ ನಿಜವಾದರೆ ತಂಪು ಈಗ ಆಚೆ ಬದಿಗೆ ಹಾರಬೇಕು. ಹಿಂದಿನ ಸೀಟಿನಲ್ಲಿದ್ದ ಭಾವ ಕಿಟಕಿಯತ್ತ ಮುಖ ತಿರುಗಿಸಿದರು.

ವಿಮಾನ ಕುಲುಕಾಡಿತು, ಬೆಲ್ಟು ಭುಜಕ್ಕೆ ಕಚ್ಚಿತು. ಮೋಡದೊಳಗೆ ಇನ್ನೂ ಹೊಕ್ಕಿರಲಿಲ್ಲ, ಥರ್ಮಾಮೀಟರ್‌ಗೆ ಒಂದು ಹನಿಯೂ ತಾಗಿರಲಿಲ್ಲ. ಆಗಲೇ, ಭಾವ ಹೇಳುತ್ತಿದ್ದ ಅಂಚಿನಲ್ಲೇ, ಪರದೆಯ ಮೇಲಿನ ಉಷ್ಣತೆಯ ಗೆರೆ ಕೆಳಗಿಳಿಯಿತು. ಆಚೆ ಬದಿಯಲ್ಲಿ ಹೊರಬಂದಾಗ ಅದು ಅಲುಗಲೇ ಇಲ್ಲ. ಇನ್ನೂ ಎರಡು ಮೋಡ ನೋಡಿದೆವು. ಅದೇ ಕಥೆ. ತಂಪು ಮೋಡದ್ದೇ ಆಗಿತ್ತು, ನಾನು ಕಟ್ಟಿದ ಥರ್ಮಾಮೀಟರ್ ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ.

ಮುಚ್ಚಿಡೋಣ ಎನ್ನಿಸಿತು. ಆಗಲಿಲ್ಲ.

“ಭಾವ, ನೀವು ಹೇಳಿದ್ದೇ ಸರಿ. ಅಂಚು ನಿಜವಾಗ್ಲೂ ತಣ್ಣಗಿದೆ.”

ಹಂಗಿಸುತ್ತಾರೆಂದು ಹಲ್ಲು ಕಚ್ಚಿ ಕೂತೆ. ಅವರು ಕೇಳಿದ್ದು ಇಷ್ಟೇ: “ಯಾವುದರಲ್ಲಿ ಅಳೆದೆ?”

“ನನ್ನ ಥರ್ಮಾಮೀಟರಲ್ಲಿ.”

“ಅದನ್ನ ನಂಬಬೇಡಿ ಅಂತ ಕಟ್ಟಿದವಳೇ ಬರೆದುಕೊಟ್ಟಿದ್ದಾಳಲ್ಲ.”

ಇನ್ನೊಂದು ಪತ್ರ ಬರೆಯುತ್ತೇನೆ ಎಂದೆ.

“ಬರಿ. ಅಕ್ಕನ ಗಂಡನಿಗೋಸ್ಕರ ಬರೆದಳು ಅಂತಾರೆ.”

ಕೆಳಗಿಳಿದ ಮೇಲೆ ಅವರು ಹಿಂತಿರುಗಿ ನೋಡದೆ ಹೋದರು. ನಾನು ವಿಮಾನದ ಮೂತಿಯ ಕೆಳಗೆ ಕೂತು ಥರ್ಮಾಮೀಟರ್ ಬಿಚ್ಚಿದೆ. ಒಂದು ತಿರುಪೂ ಸಡಿಲವಾಗಿರಲಿಲ್ಲ.