ಮಾತು ಹೇಳಿಕೊಡುವ ಕ್ರಿಸ್ಪುಲೊ

ಎದುರಿನವರು ಬಾಯಿ ತೆರೆಯುವ ಅರೆಕ್ಷಣ ಮೊದಲೇ ಕ್ರಿಸ್ಪುಲೊ ಅವರ ತುಟಿ ಅಲುಗುತ್ತಿತ್ತು. ಮೀನು ಮಾರುವವಳು ತೂಕ ಹೇಳುವ ಮುಂಚೆ, ಪಾದ್ರಿಗಳು ಆಶೀರ್ವದಿಸುವ ಮುಂಚೆ, ಆ ಮಾತು ಅವರ ಬಾಯಲ್ಲಿ ಸದ್ದಿಲ್ಲದೆ ಮೂಡಿ ಮರೆಯಾಗುತ್ತಿತ್ತು.

ಲಗೂನಾ ಸರೋವರದ ದಂಡೆಯ ನಮ್ಮೂರ ನಾಟಕಗಳಲ್ಲಿ ನಟರು ಬಾಯಿಪಾಠ ಮಾಡುವ ಪದ್ಧತಿಯೇ ಇರಲಿಲ್ಲ. ರಂಗದಂಚಿನ ತಗ್ಗಿನಲ್ಲಿ ಕುಳಿತ ಕ್ರಿಸ್ಪುಲೊ ಒಂದೊಂದು ಸಾಲನ್ನೂ ಗಟ್ಟಿಯಾಗಿ ಹೇಳುವರು. ರಾಜನೋ ರಾಕ್ಷಸನೋ ಅದನ್ನೇ ಅಭಿನಯಿಸಿ ನುಡಿಯುವನು. ನಲವತ್ತು ವರ್ಷ ನಾವು ಪ್ರತಿ ಮಾತನ್ನೂ ಎರಡು ಸಲ ಕೇಳಿಯೇ ನಕ್ಕೆವು, ಅತ್ತೆವು.

ಶಾಲೆಯಲ್ಲಿ ಪಾಠ ಹೇಳುವ ಅವರ ಮೊಮ್ಮಗಳು ಲುವಾಲ್ಹಾತಿ, ಕೋತಿ ಮತ್ತು ಆಮೆಯ ಹಳೆಯ ಕತೆಯನ್ನು ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಆಡಿಸಲು ಹೊರಟಳು. ತಾನೇ ಆಮೆ.

"ಈ ಸಲ ಹೇಳಿಕೊಡೋರು ಬೇಡ ಅಜ್ಜ. ಕುರ್ಚೀಲಿ ಕೂತು ನೋಡಿ. ಬಾಯಿ ಮಾತ್ರ ಬಿಡಬಾರದು."

"ಇಲ್ಲ ಬಿಡು ಮಗು," ಎಂದರು.

ಶನಿವಾರ ಸಂಜೆ, ಅದೇ ಶಾಲೆಯ ಮೇಷ್ಟ್ರಾದ ನಾನು ಮುಂದಿನ ಸಾಲಿನಲ್ಲಿ ಅವರ ಪಕ್ಕದಲ್ಲೇ ಕುಳಿತೆ. ಆಮೆ ನೆಟ್ಟ ಬಾಳೆಯ ಹಣ್ಣನ್ನೆಲ್ಲ ಕೋತಿ ತಿಂದಿತು. ಆಮೆ ಗಿಡದ ಬುಡಕ್ಕೆ ಮುಳ್ಳು ಒಡ್ಡಿತು. ಮುಳ್ಳು ಚುಚ್ಚಿಸಿಕೊಂಡ ಕೋತಿ ಆಮೆಯನ್ನು ಹಿಡಿಯಿತು. ಕುಟ್ಟುತ್ತೇನೆಂದರೆ ಆಮೆ ನಕ್ಕಿತು, ಸುಡುತ್ತೇನೆಂದರೂ ನಕ್ಕಿತು. ಇನ್ನು, ನೀರಿಗೆ ಬಿದ್ದು ಪಾರಾಗಲೆಂದು, ಆಮೆ ನದಿಗೆ ಹೆದರಿದಂತೆ ನಟಿಸಬೇಕು. ಲುವಾಲ್ಹಾತಿ ನದಿಯಾಗಿದ್ದ ನೀಲಿ ಬಟ್ಟೆಯನ್ನೇ ನೋಡುತ್ತ ಸುಮ್ಮನೆ ನಿಂತಳು.

"ನದಿಗೆ ಮಾತ್ರ ಎಸೀಬೇಡಪ್ಪೋ!" ಎಂದು ಕ್ರಿಸ್ಪುಲೊ ಕೂಗಿಬಿಟ್ಟರು. ಕೋತಿಯ ವೇಷದಲ್ಲಿದ್ದ ದೋಣಿಕಾರ ತೆಮ್ಯೊ, ಮೂವತ್ತು ವರ್ಷ ಆ ದನಿಗೇ ಕುಣಿದವನು, ಆಮೆಯನ್ನೆತ್ತಿ ನದಿಗೆಸೆದ. ಆಮೆ ಇನ್ನೂ ಬಾಯಿ ತೆರೆದಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು.

"ನೀ ಮರೆತೆ ಅಂದ್ಕೊಂಡೆ ಮಗು," ಎಂದರು ಕ್ರಿಸ್ಪುಲೊ, ಆಟ ಮುಗಿದ ಮೇಲೆ.

"ಮರೆತಿರಲಿಲ್ಲ! ಆಮೆ ಯೋಚನೆ ಮಾಡ್ತಿತ್ತು, ಅಜ್ಜ!"

"ಅಷ್ಟೊತ್ತು ಸುಮ್ನಿದ್ರೆ ಜನ ಎದ್ದು ಹೋಗ್ತಾರೆ."

"ಯಾರ್ ಎದ್ರು, ಹೇಳಿ?"

ತೆಮ್ಯೊ ಕಳಚಿದ ಬಾಲ ಹಿಡಿದುಕೊಂಡೇ ನಡುವೆ ಬಂದ. "ಬೈಬೇಡ ತಾಯಿ. ಇವ್ರ ದನಿ ಕೇಳಿದ್ರೆ ನನ್ ಕೈ ತಾನೇ ಎದ್ಬಿಡತ್ತೆ."

"ನಾಳೆ ಕೊನೇ ಆಟ. ನೀವು ಬರಲೇಬೇಡಿ," ಎಂದಳು ಲುವಾಲ್ಹಾತಿ. ಅವಳ ಕಣ್ಣು ತುಂಬಿತ್ತು.

ಕ್ರಿಸ್ಪುಲೊ ಬಂದೇ ಬಂದರು. ಅಂಗಳದ ಬಾಗಿಲಲ್ಲಿ ತಡೆದ ಮೊಮ್ಮಗಳಿಗೆ ಬಾಳೆಲೆಯ ಪೊಟ್ಟಣ ಬಿಚ್ಚಿ ಅಂಟಕ್ಕಿಯ ಕಡುಬು ತೋರಿಸಿದರು. "ಇದು ಬಾಯಲ್ಲಿದ್ರೆ ದೇವ್ರು ಕರೆದ್ರೂ ಓ ಅನ್ನೋಕಾಗಲ್ಲ. ಬಿಡು."

ಅವಳು ಬಿಟ್ಟಳು.

ನದಿಯ ಘಟ್ಟ ಬಂತು. ಆಮೆ ಮೌನವಾಯಿತು. ಕ್ರಿಸ್ಪುಲೊ ಅವರ ಕೆನ್ನೆ ಉಬ್ಬಿತ್ತು. ಬೆರಳು ನನ್ನ ಮಂಡಿಯನ್ನು ಹಿಂಡುತ್ತಿತ್ತು. ತಡೆಯಲಾರದೆ ಅವರು ಹಿಂದಕ್ಕೆ ತಿರುಗಿದರು. ತಗ್ಗಿನಲ್ಲಿ ಕುಳಿತು ನಲವತ್ತು ವರ್ಷ ನಟರ ಕಾಲುಗಳನ್ನಷ್ಟೇ ಕಂಡಿದ್ದವರು, ಪ್ರೇಕ್ಷಕರ ಮುಖವನ್ನು ಮೊದಲ ಸಲ ಕಂಡರು. ಮೀನು ಮಾರುವವಳ ಬೀಸಣಿಗೆ ಗಾಳಿಯಲ್ಲೇ ನಿಂತಿತ್ತು. ಅತ್ತಿತ್ತ ಓಡುತ್ತಿದ್ದ ಮಕ್ಕಳು ನಿಂತಲ್ಲೇ ನಿಂತಿದ್ದರು. ಅಷ್ಟು ಜನರೂ ಉಸಿರು ಹಿಡಿದು ಮುಂದಕ್ಕೆ ಬಾಗಿದ್ದರು.

ಆಗ ಲುವಾಲ್ಹಾತಿ, ಬಹಳ ಮೆಲ್ಲಗೆ, ನದಿಯ ಮಾತು ಹೇಳಿದಳು. ಅಂಗಳ ಚಪ್ಪಾಳೆಯಿಂದ ಬಿರಿಯಿತು.

ಕ್ರಿಸ್ಪುಲೊ ಕಷ್ಟಪಟ್ಟು ಕಡುಬು ನುಂಗಿ, "ಯಾರೂ ಏನೂ ಹೇಳ್ತಿರ್ಲಿಲ್ಲ ಮೇಷ್ಟ್ರೇ, ಆದ್ರೂ ಎಲ್ರೂ ಕೇಳ್ತಿದ್ರು!" ಎಂದರು.

ಇಂಥವರನ್ನು ನಾವು ಬಾಯಿಬಡುಕರೆಂದು ನಗುತ್ತೇವೆ. ಆದರೆ ಅವರು ತಮಗಾಗಿ ಮಾತಾಡುವವರಲ್ಲ. ಇನ್ನೊಬ್ಬರು ಎಡವಿಯಾರೆಂಬ ಭಯವೇ ಅವರಿಂದ ಮಾತಾಡಿಸುತ್ತದೆ. ಮಗು ನಡೆಯಲು ಕಲಿತದ್ದು ಎಲ್ಲರಿಗಿಂತ ಕಡೆಗೆ ತಿಳಿಯುವುದು, ಅದರ ಕೈ ಹಿಡಿದು ನಡೆಸಿದವರಿಗೇ.