ಭುಜದ ಅಂಚು

ಗಾಜಿನ ಆಚೆ ನಿಂತು ಮಾದರಿ ಫೋಟೋಗಳನ್ನು ನೋಡುತ್ತಿರುವ ಹೆಂಗಸು ತನ್ನ ಅತ್ತಿಗೆ ಎಂದು ಗೊತ್ತಾದ ಕ್ಷಣ ಅವನ ಕೈ ಮೌಸಿನ ಮೇಲೆಯೇ ಮರಗಟ್ಟಿತು. ಪರದೆಯ ಮೇಲೆ ಯಾವುದೋ ಮಗುವಿನ ಫೋಟೋ, ಕಿವಿ ಅರ್ಧ ಕತ್ತರಿಸಿದಲ್ಲಿಗೇ ನಿಂತಿತ್ತು. ಹಿಂದಿನ ಬಾಗಿಲಿನಿಂದ ಜಾರಿಕೊಳ್ಳೋಣವೆಂದರೆ ಅದಕ್ಕೆ ಸ್ಟುಡಿಯೋ ಮಾಲೀಕರು ಹಳೆಯ ಫ್ರೇಮುಗಳನ್ನೆಲ್ಲ ಒರಗಿಸಿಟ್ಟಿದ್ದರು. ತಪ್ಪಿಸಿಕೊಳ್ಳುವುದಕ್ಕೂ ಪುಣ್ಯ ಮಾಡಿರಬೇಕು.

ಅತ್ತಿಗೆ ಎನ್ನುವುದು ಈಗ ಬರೀ ಬಾಯಿರೂಢಿ. ಅಣ್ಣನಿಗೂ ಅವಳಿಗೂ ಕಾಗದದ ಮೇಲೆ ಎಲ್ಲ ಮುಗಿದು ವರ್ಷವಾಗಿತ್ತು. ಇವನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗ ಮನೆಯವರೆಲ್ಲ ಸರದಿಯ ಮೇಲೆ ಉಗಿದಿದ್ದರು. ಆಗ, "ಓದು ಹತ್ತದಿದ್ರೆ ಹೋಗ್ಲಿ ಬಿಡಿ, ಅವನ ಕೈ ನೋಡಿ ಎಷ್ಟು ನಾಜೂಕು, ಅದಕ್ಕೊಂದು ಕೆಲಸ ಇರತ್ತೆ" ಎಂದು ಪರ ನಿಂತವಳು ಅವಳೊಬ್ಬಳೇ. ಮುಂದೆ ಅದೇ ಮನೆಯಲ್ಲಿ ಅವಳ ಮೇಲೆ ಮಾತು ಬಂತು. ತಪ್ಪು ಅಣ್ಣನದೆಂದು ಇವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿಗೆ ಬೀಗ ಹಾಕಿಕೊಂಡು ತಟ್ಟೆ ನೋಡುತ್ತಾ ಊಟ ಮಾಡಿದ್ದ.

ಕೈ ನಾಜೂಕು ಎಂದಿದ್ದು ಮಾತ್ರ ಸುಳ್ಳಾಗಲಿಲ್ಲ. ಫೋಟೋದೊಳಗಿನ ಮನುಷ್ಯರನ್ನು ಹಿನ್ನೆಲೆಯಿಂದ ಬಿಡಿಸಿ ತೆಗೆಯುವುದರಲ್ಲಿ ಈ ಬೀದಿಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಹಾರುವ ಕೂದಲಿರಲಿ, ತೆಳುವಾದ ಶಾಲಿನ ಜಾಲರಿ ಇರಲಿ, ಚುಕ್ಕಿ ಚುಕ್ಕಿ ಇಟ್ಟು ಗೆರೆ ಎಳೆದು, ಅಂಚನ್ನು ಒಂದಿಷ್ಟೇ ಮೃದು ಮಾಡಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದ. ಮಾಲೀಕರು ಅವನನ್ನು "ನಮ್ಮ ಕತ್ತರಿ" ಎಂದೇ ಕರೆಯುತ್ತಿದ್ದರು.

ಅಣ್ಣನಿಗೆ ಹೊಸ ಸಂಬಂಧ ಕುದುರುವ ಹೊತ್ತಿಗೆ ಅಮ್ಮ ನಡುಮನೆಯ ದೊಡ್ಡ ಫೋಟೋ ಇಳಿಸಿ ಅವನ ಮುಂದಿಟ್ಟಿದ್ದಳು. "ಅವರು ಮನೆ ನೋಡೋಕೆ ಬರ್ತಾರೆ. ಫೋಟೋದಲ್ಲಿ ಇವಳಿದ್ರೂ ಕೇಳ್ತಾರೆ, ಗೋಡೆ ಬೋಳಾಗಿದ್ರೂ ಕೇಳ್ತಾರೆ. ನೀನೇ ಏನಾದ್ರೂ ಮಾಡು." ಅವನು ಮಾಡಿದ. ಅಮ್ಮನನ್ನು, ಅಣ್ಣನನ್ನು, ತನ್ನನ್ನು ಒಬ್ಬೊಬ್ಬರಾಗಿ ಬಿಡಿಸಿ, ಬೂದು ಬಣ್ಣದ ಹೊಸ ಹಿನ್ನೆಲೆಯ ಮೇಲೆ ಹತ್ತಿರ ಹತ್ತಿರ ನಿಲ್ಲಿಸಿದ. ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ, ಮಾಡುವಾಗ ಇದ್ದ ಕಸಿವಿಸಿ ಮುಗಿಯುವ ಹೊತ್ತಿಗೆ ಹೆಮ್ಮೆಯಾಗಿತ್ತು.

ಅಲ್ಲಿಗೇ ಬಿಟ್ಟಿದ್ದರೆ ಮನೆಯ ಪಾಪ ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಮಾಲೀಕರು ಗಾಜಿನ ಪೆಟ್ಟಿಗೆಗೆ ಒಂದು ಮಾದರಿ ಕೇಳಿದರು. "ಮೊದಲು" ಒಂದು, "ನಂತರ" ಒಂದು, ಜೋಡಿ ಇರಬೇಕು ಎಂದರು. ಗಿರಾಕಿಗಳ ಫೋಟೋ ಹಾಕಿದರೆ ನಾಳೆ ಜಗಳಕ್ಕೆ ಬರುತ್ತಾರೆ. ನಮ್ಮ ಮನೆಯದಾದರೆ ಯಾರನ್ನು ಕೇಳಬೇಕು ಎಂದುಕೊಂಡು ಇವನು ಇದನ್ನೇ ಕೊಟ್ಟ. ಕೇಳಬೇಕಾದವಳು ಒಬ್ಬಳಿದ್ದಾಳೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಆ ಒಬ್ಬಳು ಈಗ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕೂದಲು ಮೊಟಕಾಗಿತ್ತು, ಕನ್ನಡಕ ಬಂದಿತ್ತು, ಸ್ವಲ್ಪ ಸೊರಗಿದ್ದಳು. ಮಾಲೀಕರಿಗೆ ಗುರುತು ಹತ್ತಲಿಲ್ಲ. ಇಷ್ಟು ವರ್ಷ ಫೋಟೋ ನೋಡಿ ನೋಡಿ ಅವರು ಮುಖ ನೋಡುವುದನ್ನೇ ಬಿಟ್ಟಿದ್ದರು.

"ಬನ್ನಿ ಮೇಡಂ, ಆಗಿಂದ ನೋಡ್ತಾ ಇದ್ದೀರಿ ಆ ಜೋಡೀನ. ಹೇಗಿದೆ?" ಎಂದವರೇ ಅದನ್ನು ಪೆಟ್ಟಿಗೆಯಿಂದ ತೆಗೆದು ತಂದು ಮೇಜಿನ ಮೇಲಿಟ್ಟರು. "ನೋಡಿ, ಇಲ್ಲೊಬ್ಬಳು ಹೆಂಗಸು. ಇಲ್ಲಿ ಇಲ್ಲ! ಇದ್ಳು ಅಂದ್ರೆ ಯಾರಾದ್ರೂ ನಂಬ್ತಾರಾ?"

"ಯಾರೂ ನಂಬಲ್ಲ" ಎಂದಳು ಅತ್ತಿಗೆ.

"ಅಂಚು ನೋಡಿ, ಅಂಚು! ಎಲ್ಲಾದ್ರೂ ಗಾಯ ಕಾಣತ್ತಾ? ಎಲ್ಲ ನಮ್ಮ ಕತ್ತರಿ ಕೈಚಳಕ." ಮಾಲೀಕರು ಅವನ ಬೆನ್ನು ತಟ್ಟಿದರು. ಅವನಿಗೆ ಚಪ್ಪಲಿ ಏಟು ತಿಂದಂತಾಯಿತು. ಒಳಕೋಣೆಯಲ್ಲಿ ಯಾರೋ ದೀಪದ ಮುಂದೆ ಕಾದು ಕಾದು ಕೂಗಿದ್ದರಿಂದ ಮಾಲೀಕರು ಅತ್ತ ಹೋದರು.

ಉಳಿದವರು ಇಬ್ಬರು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಚೆನ್ನಾಗಿದ್ದೀಯಾ ಮರಿ?"

ಅವಳ ಬಾಯಲ್ಲಿ ಅವನು ಮೊದಲಿಂದಲೂ ಮರಿ. ಮೀಸೆ ಬಂದ ಮೇಲೂ ಬದಲಾಗಿರಲಿಲ್ಲ. ಉತ್ತರ ಹೇಳಲು ಬಾಯಿ ತೆರೆದರೆ ಬೇರೆಯೇ ಬಂತು. "ಅಮ್ಮ ಹೇಳಿದ್ರು ಅತ್ತಿಗೆ. ಹೊಸಬ್ರು ಬರ್ತಾರೆ ಅಂತ, ಅದಕ್ಕೇ..."

"ಗೋಡೆಗೆ ಹಾಕೋಕೆ ಅಮ್ಮ ಹೇಳಿದ್ರು" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ಹುಡುಗನಿಗೆ ತಿದ್ದಿ ಹೇಳುವ ಹಾಗಿತ್ತು. "ಈ ಗಾಜಿಗೆ ಯಾರು ಹೇಳಿದ್ರು?"

ಅವನು ತಲೆ ತಗ್ಗಿಸಿದ. ಅವಳು ಬೈದಿದ್ದರೆ, ಒಂದು ಏಟು ಹಾಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನೀನಿಲ್ಲಿ ಕೆಲಸ ಮಾಡ್ತೀಯ ಅಂತ ಗೊತ್ತಿದ್ದೇ ಬಂದೆ" ಎಂದಳು. "ಗಾಜಿನೊಳಗೆ ಇದಿದೆ ಅಂತ ಗೊತ್ತಿರ್ಲಿಲ್ಲ. ಈ ಫೋಟೋದಲ್ಲಿ ನಾನು ನಕ್ಕಿದ್ದೀನಿ ನೋಡು. ಹಾಗೆ ನಕ್ಕಿದ್ದು ನನ್ಹತ್ರ ಇನ್ನೊಂದಿಲ್ಲ. ನನ್ನನ್ನ ಬಿಡಿಸಿ ಕೊಡ್ತೀಯಾ? ರೂಮಲ್ಲಿ ಇಟ್ಕೋತೀನಿ."

"ಈಗ್ಲೇ ಕೊಡ್ತೀನಿ" ಎಂದು ಅವನು ಪರದೆಯತ್ತ ತಿರುಗಿದ. ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎಂದು ಒಮ್ಮೆ ಉಸಿರು ಬಂತು.

ಮೂಲ ಫೋಟೋ ತೆರೆದು ದೊಡ್ಡದು ಮಾಡಿದ. ಆಗಿನ ಉದ್ದ ಕೂದಲಿನ ಒಂದೊಂದು ಎಳೆಯನ್ನೂ ಉಳಿಸಿದ. ಇಷ್ಟು ಜತನವಾಗಿ ಅವನು ಯಾರನ್ನೂ ಬಿಡಿಸಿರಲಿಲ್ಲ. ಕಿವಿ ದಾಟಿ, ಕುತ್ತಿಗೆ ಇಳಿದು, ಅವಳ ಎಡತೋಳಿನ ಗುಂಟ ಗೆರೆ ಎಳೆಯುತ್ತಾ ಹೋದವನು ಬೆರಳುಗಳ ಹತ್ತಿರ ಬಂದು ನಿಂತ. ಅವಳ ಕೈ ಪಕ್ಕದಲ್ಲಿ ನಿಂತಿದ್ದ ಅವನ ಭುಜದ ಮೇಲಿತ್ತು. ಕ್ಯಾಮೆರಾ ಕಂಡರೆ ಮುದುಡಿಕೊಳ್ಳುತ್ತಿದ್ದ ಮೈದುನನನ್ನು ಅವಳೇ ಹತ್ತಿರಕ್ಕೆಳೆದು ನಿಲ್ಲಿಸಿಕೊಂಡಿದ್ದಳು. ಗೋಡೆಯ ಫೋಟೋ ಮಾಡುವಾಗ ಅವನು ತನ್ನ ಭುಜದಿಂದ ಆ ಬೆರಳುಗಳನ್ನು ಅಳಿಸಿ, ಅಲ್ಲಿ ಅಂಗಿಯ ಬಟ್ಟೆ ತುಂಬಿಸಿ, ಹೊಲಿಗೆಯ ಗೆರೆಯನ್ನೂ ಮರೆಯದೆ ಎಳೆದಿದ್ದ. ಅವತ್ತು ಅವನಿಗೆ ತುಂಬಾ ಹಿಡಿಸಿದ ಭಾಗವೇ ಅದು.

ಅವಳೂ ಪರದೆ ನೋಡುತ್ತಿದ್ದಳು.

"ಅತ್ತಿಗೆ" ಎಂದ. "ಇಲ್ಲಿ ಬಿಡಿಸಿದ್ರೆ ಕೈ ಗಾಳಿಯಲ್ಲಿ ನಿಲ್ಲತ್ತೆ. ಚೆನ್ನಾಗಿ ಕಾಣಲ್ಲ. ನನ್ನನ್ನೂ... ನಾನೂ ಜೊತೆಗಿರ್ಲಾ?"

ಒಳಕೋಣೆಯಲ್ಲಿ ಮಾಲೀಕರು ಯಾರಿಗೋ ಗದ್ದ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ ಎನ್ನುತ್ತಿದ್ದರು.

"ಬೇಡ ಮರಿ" ಎಂದಳು. "ನಾನೊಬ್ಬಳೇ ಸಾಕು."

"ಹಾಗಿದ್ರೆ ಕೈ ಕೆಳಗಿಳಿಸಿ ಕೊಡ್ಲಾ? ಬೇರೆ ಫೋಟೋದಿಂದ ತಂದು ಕೂಡಿಸಬಹುದು."

"ಕೈ ನನ್ನದೇ ಅಲ್ವಾ. ಹೇಗಿದೆಯೋ ಹಾಗೇ ಇರ್ಲಿ."

ಅವನು ಅವಳ ಬೆರಳುಗಳ ಸುತ್ತ ಚುಕ್ಕಿ ಇಡತೊಡಗಿದ. ಗೆರೆ ಎರಡು ಸಲ ತಪ್ಪಿತು, ಎರಡು ಸಲವೂ ಹಿಂದಕ್ಕೆ ಹೋಗಿ ಮತ್ತೆ ಎಳೆದ. ಕೊನೆಯ ಚುಕ್ಕಿ ಮೊದಲನೆಯದಕ್ಕೆ ಸೇರಿಸಿ ಗುಂಡಿ ಒತ್ತಿದಾಗ ಅಮ್ಮ ಹೋದಳು, ಅಣ್ಣ ಹೋದ, ಅವನೂ ಹೋದ.

ಪ್ರಿಂಟರಿನಿಂದ ಹಾಳೆ ನಿಧಾನವಾಗಿ ಹೊರಗೆ ಬಂತು. ಬಿಳಿಯ ನಡುವೆ ಅತ್ತಿಗೆ ಬಾಯಿ ತುಂಬ ನಗುತ್ತಿದ್ದಳು. ಎಡಗೈ ಪಕ್ಕಕ್ಕೆ ಚಾಚಿತ್ತು. ಬೆರಳುಗಳು, ಕೆಳಗೆ ಏನೋ ಇದೆ ಎಂಬಂತೆ, ಮೆಲ್ಲಗೆ ಬಾಗಿದ್ದವು.