ನೀಲವ್ವನ ಪಾಸ್‌ಬುಕ್

ನಾನು ಒಂದು ಪಾಸ್‌ಬುಕ್. ಅಚ್ಚಿನ ಮನೆಯಲ್ಲಿ ಸಾವಿರಾರು ಒಡಹುಟ್ಟಿದವರ ಜೊತೆ ಹುಟ್ಟಿದೆ. ಕುಂದಗೋಳದ ಬ್ಯಾಂಕಿನಲ್ಲಿ ನನ್ನ ಮೊದಲ ಪುಟಕ್ಕೆ ‘ನೀಲಮ್ಮ’ ಎಂಬ ಹೆಸರು ಬಿದ್ದ ದಿನ ನಾನು ಅವಳ ಪಾಲಾದೆ. ಓಣಿಯವರಿಗೆ ಅವಳು ನೀಲವ್ವ. ಹಳೆಯ ಸೀರೆ ಜೋಡಿಸಿ ಕೌದಿ ಹೊಲಿಯುವವಳು. ಓದಲು ಬಾರದ್ದರಿಂದ ನನ್ನನ್ನು ಮೈದುನ ಈರಣ್ಣನ ಕೈಗೆ ಕೊಟ್ಟಿದ್ದಳು.

ಧಾರವಾಡದ ಪ್ರದರ್ಶನದಲ್ಲಿ ಅವಳ ಕೌದಿ ಕಂಡ ಜರ್ಮನಿಯ ಹೆಲ್ಗಾ ಎಂಬ ಹೆಂಗಸು ಹತ್ತು ಕೌದಿ ಕೇಳಿದಳು. ನೀಲವ್ವ ಓಣಿಯ ಮೂವರನ್ನು ಸೇರಿಸಿಕೊಂಡು ಹೊಲಿದು ಕಳಿಸಿದಳು. ಆಮೇಲೆ ಈರಣ್ಣನ ಮೊಬೈಲಿಗೆ ಅವಳ ಸಂದೇಶ ಬಂತು: ಖಾತೆದಾರರ ಹೆಸರು, ಖಾತೆ ನಂಬರು, ಬ್ಯಾಂಕಿನ ವಿಳಾಸ, ಸ್ವಿಫ್ಟ್ ಕೋಡ್ ಬೇಕು.

“ರೊಕ್ಕಾ ಕೊಡಾಕ ಇಷ್ಟೆಲ್ಲಾ ಯಾಕ ಬೇಕೋ?” ನೀಲವ್ವ ಹುಬ್ಬು ಗಂಟಿಕ್ಕಿದಳು. “ನಂಬರ್ ಕೊಟ್ಟವರ ಖಾತೆ ಬಳದು ಹೋಗತಾವಂತ.”

“ಪಿನ್ ಕೇಳಿಲ್ಲ, ಓಟಿಪಿ ಕೇಳಿಲ್ಲ ವೈನಿ. ಇಷ್ಟ ಕೊಟ್ಟರ ರೊಕ್ಕಾ ಬರತೈತಿ, ಹೋಗೂದಿಲ್ಲ,” ಅಂದ ಈರಣ್ಣ.

ಹೊರದೇಶದ ಹಣ ಬ್ಯಾಂಕಿನ ದಾರಿ ಹಿಡಿಯಲು ಬೇಕಾದ ಆ ಸ್ವಿಫ್ಟ್ ಕೋಡ್ ನಮ್ಮ ಸಣ್ಣ ಶಾಖೆಗೆ ಇರಲಿಲ್ಲ. ಈರಣ್ಣ ನನ್ನನ್ನು ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಹೋಗಿ ದೊಡ್ಡ ಶಾಖೆಯದನ್ನು ಬರೆಸಿಕೊಂಡ. ನನ್ನ ಮೊದಲ ಪುಟವನ್ನು ನೋಡಿ ನೋಡಿಯೇ ಎಲ್ಲ ಕಳಿಸಿದ.

ಹೆಲ್ಗಾ ಹಣ ಹಾಕಿದ್ದೇನೆ ಎಂದಳು. ನನ್ನಲ್ಲಿ ಮಾತ್ರ ಒಂದು ಸಾಲೂ ಏರಲಿಲ್ಲ.

“ಅಕಿ ಹಾಕೀನಿ ಅಂತಾಳ, ಇಲ್ಲಿ ಬಂದಿಲ್ಲ. ನಡುವ ಯಾರ ನುಂಗಿದ್ರು?” ಜೊತೆಗೆ ಹೊಲಿದ ಹೆಂಗಸರು ನೀಲವ್ವನನ್ನೇ ಕೇಳತೊಡಗಿದರು. ಆ ವಾರವೇ ಈರಣ್ಣನ ಮನೆಗೆ ಹೊಸ ಫ್ಯಾನು ಬಂದಿತ್ತು. ನೀಲವ್ವ ಅದನ್ನು ಬಹಳ ಹೊತ್ತು ನೋಡಿದಳು.

“ನನ್ನ ಪುಸ್ತಕ ನನಗ ಕೊಡು,” ಅಂದಳು.

ಈರಣ್ಣ ಕಿಸೆಯಿಂದ ತೆಗೆದು ಕೊಟ್ಟ. ಅಂದಿನಿಂದ ನಾನು ಅವಳ ತಲೆದಿಂಬಿನ ಕೆಳಗೆ. ಅವನ ಹೆಂಡತಿ ಕಳಿಸಿದ ಹೋಳಿಗೆಯನ್ನು ನೀಲವ್ವ ಹಾಗೆಯೇ ಹಿಂದಕ್ಕೆ ಕಳಿಸಿದಳು. ಸತ್ಯ ನನ್ನ ಮೈಮೇಲೆಯೇ ಇತ್ತು. ನನಗೆ ಬಾಯಿ ಇರಲಿಲ್ಲ.

ಕಡೆಗೆ ಅವಳೇ ಬ್ಯಾಂಕಿಗೆ ಹೋದಳು. ಮ್ಯಾನೇಜರಮ್ಮ ಕಂಪ್ಯೂಟರಿನಲ್ಲಿ ಹುಡುಕಿದರು.

“ಹಣ ಬಂದಿತ್ತು, ವಾಪಸ್ ಹೋಗಿದೆ. ಕಳಿಸಿದವರು ನೀಲವ್ವ ಅಂತ ಬರೆದಿದ್ದಾರೆ, ಖಾತೆ ನೀಲಮ್ಮ ಅಂತ ಇದೆ. ಹೆಸರು ಹೊಂದಲಿಲ್ಲ.”

ಈರಣ್ಣ ಸರಿಯಾಗಿಯೇ ಕಳಿಸಿದ್ದ. ಹೆಲ್ಗಾ ತನಗೆ ರೂಢಿಯಿದ್ದ ಹೆಸರನ್ನು ಹಾಕಿಬಿಟ್ಟಿದ್ದಳು. ತಿದ್ದಿ ಮತ್ತೆ ಕಳಿಸಿದಾಗ ಹಣ ಬಂತು. ನೀಲವ್ವ ಮೂವರಿಗೂ ಹಂಚಿ, ಸಂಜೆ ಮೈದುನನ ಮನೆಗೆ ಹೋದಳು.

“ತಪ್ಪಾತಪಾ ಈರಣ್ಣ.”

“ಇರಲಿ ಬಿಡ್ರಿ ವೈನಿ. ಚಾ ಕುಡೀರಿ.”

ಚಹಾ ಕುಡಿದು ಅವಳು ನನ್ನನ್ನು ಅವನತ್ತ ಚಾಚಿದಳು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. “ಬ್ಯಾಡ್ರಿ. ಅದು ನಿಮ್ಮ ಕಡೇನ ಇರಲಿ.”

ಈಗ ನನ್ನ ಪುಟಗಳು ತುಂಬಿವೆ. ರದ್ದು ಮುದ್ರೆ ಹೊತ್ತು ಟ್ರಂಕಿನ ತಳದಲ್ಲಿ, ಬಟ್ಟೆ ಚೂರುಗಳ ನಡುವೆ ಮಲಗಿದ್ದೇನೆ. ಬಂದ ಹಣ, ಹೋದ ಹಣ ಎಲ್ಲ ನನ್ನಲ್ಲಿ ಬರೆದಿದೆ. ಅವರಿಬ್ಬರ ನಡುವೆ ಹೋದದ್ದನ್ನು ಬರೆಯಲು ನನ್ನಲ್ಲಿ ಜಾಗವಿರಲಿಲ್ಲ. ಹೊರಗೆ ನೀಲವ್ವ ಹೊಸ ಪಾಸ್‌ಬುಕ್ ಬಿಚ್ಚಿ ಹಿಡಿದಿರುತ್ತಾಳೆ. ಈರಣ್ಣ ಮುಟ್ಟದೆ, ಕತ್ತು ಬಗ್ಗಿಸಿ, ಓದಿ ಹೇಳುತ್ತಾನೆ.